ಸದನದ ‘ನಾವು’, ಗಡಿಯ ‘ನಾವು’

ಶಾಸನಸಭೆಯ ಭಾಷಣದಲ್ಲಿ ಜನರನ್ನು ಒಂದುಗೂಡಿಸುವ ಇಲ್ಲವೇ ಬೇರ್ಪಡಿಸುವ ಕೆಲಸವನ್ನು ಬಹುಪಾಲು ಮಾಡುವುದು ‘ನಾವು’, ‘ನಮ್ಮ’, ‘ಅವರು’ ಎಂಬ ಸರ್ವನಾಮಗಳು, ಅಂದರೆ ಹೆಸರಿಗೆ ಬದಲಾಗಿ ಬರುವ ಪದಗಳು. ‘ಕನ್ನಡಿಗರು ಯಾರು’ ಎಂದು ವಾದ ಹೂಡಬಹುದು. ‘ನಾವು’ ಎಂದೊಡನೆ ಆ ವಾದಕ್ಕೆ ಎಡೆಯಿಲ್ಲದೆ ಕೇಳುಗರು ಒಳಗಾಗಿರುತ್ತಾರೆ, ಇಲ್ಲವೇ ಹೊರಗುಳಿದಿರುತ್ತಾರೆ.

ಮರಾಠಿಯಲ್ಲಿ ಕೇಳುಗರನ್ನೂ ಸೇರಿಸಿಕೊಳ್ಳುವಾಗ ‘ಆಪಣ’, ಅವರನ್ನು ಬಿಟ್ಟು ಹೇಳುವಾಗ ‘ಆಮ್ಹಿ’ ಎಂಬ ಭೇದವಿದ್ದರೆ, ಕನ್ನಡದ ‘ನಾವು’ ಎರಡಕ್ಕೂ ಸಲ್ಲುತ್ತದೆ. ಕನ್ನಡದ ಕ್ರಿಯಾಪದವೇ ಕರ್ತೃವನ್ನು ಸೂಚಿಸುವುದರಿಂದ ಸರ್ವನಾಮವನ್ನು ಬಿಟ್ಟೂ ಮಾತಾಡಬಹುದು: ‘ರಸ್ತೆ ಮಾಡಿದ್ದೇವೆ’ ಎಂಬಲ್ಲಿ ಸರ್ಕಾರ, ಪಕ್ಷ, ಕ್ಷೇತ್ರದ ಜನ ಮೂವರೂ ಅಡಗಬಲ್ಲರು, ‘ಕಾಮಗಾರಿ ವಿಳಂಬವಾಗಿದೆ’ ಎಂದಾಗ ಯಾರೂ ಉಳಿಯುವುದಿಲ್ಲ. ಸದಸ್ಯರು ಸಭಾಧ್ಯಕ್ಷರನ್ನು ಉದ್ದೇಶಿಸಿಯೇ ಮಾತಾಡಬೇಕೆಂಬ ನಿಯಮವಿರುವುದರಿಂದ ಎದುರು ಕುಳಿತ ಪಕ್ಷ ‘ನೀವು’ ಆಗದೆ ‘ಅವರು’ ಆಗುತ್ತದೆ.

2012ರಲ್ಲಿ ಉದ್ಘಾಟನೆಯಾದ ಬೆಳಗಾವಿಯ ಸುವರ್ಣ ವಿಧಾನಸೌಧದ ಅಧಿವೇಶನಗಳಲ್ಲಿ ‘ನಮ್ಮ ಭಾಗ’ ಎಂದರೆ ಉತ್ತರ ಕರ್ನಾಟಕ. ಮಹಾರಾಷ್ಟ್ರದೊಂದಿಗಿನ ಗಡಿಯ ಪ್ರಶ್ನೆ ಬಂದೊಡನೆ ಅದೇ ‘ನಮ್ಮ’ ಇಡೀ ರಾಜ್ಯದಷ್ಟು ಹಿಗ್ಗುತ್ತದೆ. 2022ರ ಡಿಸೆಂಬರ್ 22ರಂದು ಇಲ್ಲಿ ಅಂಗೀಕಾರವಾದ ನಿರ್ಣಯ ಕರ್ನಾಟಕದ ನೆಲ, ಜಲ, ಭಾಷೆ ಮತ್ತು ಕನ್ನಡಿಗರ ಹಿತದ ವಿಷಯದಲ್ಲಿ ರಾಜಿಯಿಲ್ಲವೆಂದಿತು. ಐದು ದಿನಗಳ ಬಳಿಕ ನಾಗಪುರದಲ್ಲಿ ಮಹಾರಾಷ್ಟ್ರದ ಶಾಸನಸಭೆ ತಾನು ತನ್ನದೆನ್ನುವ ಕರ್ನಾಟಕದ 865 ಹಳ್ಳಿಗಳ ಮರಾಠಿ ಭಾಷಿಕರ ಬೆನ್ನಿಗೆ ನಿಲ್ಲುವುದಾಗಿ ನಿರ್ಣಯಿಸಿತು. ಎರಡು ಸದನಗಳೂ ತಮ್ಮವರನ್ನು ಗುರುತಿಸಿದ್ದು ಆಡುವ ಮಾತಿನಿಂದ.

ಬೆಳಗಾವಿ ಜಿಲ್ಲೆಯ ಗಡಿಯಲ್ಲಿರುವ ಕಾಗವಾಡ ತಾಲ್ಲೂಕಿನ ಮಂಗಸೂಳಿಯಂಥ ಊರಿಗೆ ಈ ಅಳತೆ ಒಗ್ಗುವುದಿಲ್ಲ. ಅಲ್ಲಿನ ಖಂಡೋಬನ ಗುಡಿಗೆ ಎರಡೂ ರಾಜ್ಯಗಳ ಭಕ್ತರು ಬರುತ್ತಾರೆ. ಸುತ್ತಲಿನ ಸೀಮೆಯಲ್ಲಿ ಮನೆಯಲ್ಲಿ ಮರಾಠಿ, ಕಚೇರಿಯಲ್ಲಿ ಕನ್ನಡ ಆಡುವವರು ಅಪರೂಪವಲ್ಲ. ಮರಾಠಿ ಮನೆಮಾತಿನ ಕರ್ನಾಟಕದ ಮತದಾರ ಬೆಳಗಾವಿಯ ‘ಕನ್ನಡಿಗರು’ ಎಂಬ ಮಾತಿನೊಳಗೆ ಸೇರುವನೋ ಇಲ್ಲವೋ ಎಂಬುದನ್ನು ನಿರ್ಣಯ ಹೇಳುವುದಿಲ್ಲ, ನಾಗಪುರದ ನಿರ್ಣಯವಾದರೋ ಅವನನ್ನು ಕೇಳದೆಯೇ ಸೇರಿಸಿಕೊಳ್ಳುತ್ತದೆ. ಇದು ಅವನಿಗೆ ಎರಡು ಕಡೆಯಿಂದಲೂ ಆಗುವ ಅನ್ಯಾಯ. ಗಡಿ ಭಾಗದ ಶಾಸಕರು ಶಾಲೆಯ ಕೊಠಡಿಗೋ ಕೃಷ್ಣೆಯ ನೀರಿಗೋ ಎದ್ದು ನಿಂತು ‘ನಮ್ಮ ಜನ’ ಎಂದಾಗ ಮಾತ್ರ, ಎರಡೂ ಮಾತಿನವರ ಮತ ಪಡೆದು ಬಂದ ಕಾರಣಕ್ಕೆ, ಆ ಎರಡು ಪದಗಳೊಳಗೆ ಮಂಗಸೂಳಿಯ ಇಡೀ ಊರು ಇರುತ್ತದೆ.