ಗಿಗಾಹರ್ಟ್ಸ್ ನೋಡಿ ಪ್ರೊಸೆಸರ್ ಕೊಳ್ಳಬೇಡಿ

2022ರ ಏಪ್ರಿಲ್‌ನಲ್ಲಿ ಎಎಂಡಿ ಕಂಪನಿ ರೈಜನ್ 7 5800ಎಕ್ಸ್3ಡಿ ಎಂಬ ಪ್ರೊಸೆಸರನ್ನು ಮಾರುಕಟ್ಟೆಗೆ ಬಿಟ್ಟಿತು. ಅದೇ ಪೀಳಿಗೆಯಲ್ಲಿ ಮೊದಲೇ ಬಂದಿದ್ದ 5800ಎಕ್ಸ್ ಗರಿಷ್ಠ 4.7 ಗಿಗಾಹರ್ಟ್ಸ್ ಮುಟ್ಟುತ್ತಿದ್ದರೆ ಇದು 4.5ಕ್ಕೇ ನಿಲ್ಲುತ್ತಿತ್ತು. ಕೋರ್‌ಗಳು ಎರಡರಲ್ಲೂ ಎಂಟೇ. ಓವರ್‌ಕ್ಲಾಕ್ ಮಾಡಿ ವೇಗ ಹೆಚ್ಚಿಸಿಕೊಳ್ಳೋಣವೆಂದರೆ ಆ ದಾರಿಯನ್ನೂ ಕಂಪನಿ ಮುಚ್ಚಿತ್ತು. ಹೀಗಿದ್ದೂ ಆಟಗಳ ವಿಷಯ ಬಂದಾಗ ಅದು 5800ಎಕ್ಸನ್ನು ಮಾತ್ರವಲ್ಲ, 12 ಕೋರ್‌ಗಳ 5900ಎಕ್ಸನ್ನೂ ಹಿಂದೆ ಹಾಕಿತು. 1080ಪಿ ಪರದೆಯಲ್ಲಿ ಸರಾಸರಿ ಶೇ. 15ರಷ್ಟು ಮುಂದೆ ಎಂಬುದು ಕಂಪನಿಯದೇ ಲೆಕ್ಕ. ಅದೇ ಚಿಪ್ಪನ್ನು ಅನಿಮೇಷನ್ ರೆಂಡರ್ ಮಾಡುವ ಕೆಲಸಕ್ಕೆ ಹಚ್ಚಿದರೆ 5800ಎಕ್ಸ್‌ಗಿಂತ ತುಸು ಹಿಂದೆ ಬೀಳುತ್ತದೆ. ಒಂದು ಕೆಲಸದಲ್ಲಿ ಗೆದ್ದು ಇನ್ನೊಂದರಲ್ಲಿ ಸೋಲುವುದು ಹೇಗೆ? ಹಳೆಯ ಗೇಮಿಂಗ್ ಕಂಪ್ಯೂಟರಿಗೆ ಹೊಸ ಪ್ರೊಸೆಸರ್ ಹಾಕಿಸುವ ಯೋಚನೆಯಲ್ಲಿರುವವರು ದುಡ್ಡು ಬಿಚ್ಚುವ ಮೊದಲು ಈ ಪ್ರಶ್ನೆಗೆ ಉತ್ತರ ತಿಳಿದುಕೊಳ್ಳುವುದು ಒಳ್ಳೆಯದು.

ಗಿಗಾಹರ್ಟ್ಸ್ ಹೆಚ್ಚಿದ್ದಷ್ಟೂ ಕಂಪ್ಯೂಟರ್ ಚುರುಕು ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಇಂಟೆಲ್‌ನ ಪೆಂಟಿಯಮ್ 4 ಚಿಪ್ 2004ರಲ್ಲೇ 3.8 ಗಿಗಾಹರ್ಟ್ಸ್ ತಲುಪಿತ್ತು. ಇಂದಿನ ಸಾಧಾರಣ ಪ್ರೊಸೆಸರ್ ಅದಕ್ಕಿಂತ ಎಷ್ಟೋ ಪಟ್ಟು ಕೆಲಸ ಮಾಡುತ್ತದೆ, ಗಿಗಾಹರ್ಟ್ಸ್ ಅಂಕಿಯೋ ಎರಡು ಪಟ್ಟೂ ಆಗಿಲ್ಲ. ಈ ಒಂದು ಸಂಗತಿಯೇ ಆ ನಂಬಿಕೆಯನ್ನು ಕೆಡವಲು ಸಾಕು. ‘ಕೋರ್ ಹೆಚ್ಚಿದ್ದಷ್ಟೂ ಒಳ್ಳೆಯದು’ ಎಂಬುದು ಅದರ ಬೆನ್ನಿಗೇ ಬಂದ ಇನ್ನೊಂದು ಮೂಢನಂಬಿಕೆ. ಕೆಲಸದಲ್ಲಿ ಹಂಚಿಕೊಳ್ಳಲಾಗದ ಪಾಲು ಎಷ್ಟಿದೆಯೋ ಅದೇ ಒಟ್ಟು ವೇಗಕ್ಕೆ ಮಿತಿ ಹಾಕುತ್ತದೆ ಎಂದು ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ 1967ರಲ್ಲೇ ವಾದಿಸಿದ್ದರು. ಆಟಗಳಲ್ಲಿ ಈ ಪಾಲು ದೊಡ್ಡದು. ಪಾತ್ರ ಎಲ್ಲಿದೆ ಎಂದು ಗೊತ್ತಾಗದೆ ಗುಂಡು ತಗುಲಿತೇ ಎಂದು ಲೆಕ್ಕ ಹಾಕಲಾಗದು; ಅದು ಗೊತ್ತಾಗದೆ ಮುಂದಿನ ಚಿತ್ರ ಬರೆಯಲಾಗದು. ಹಾಗಾಗಿ 16 ಕೋರ್ ಕೊಟ್ಟರೂ ಅರ್ಧಕ್ಕರ್ಧ ಸುಮ್ಮನೆ ಕೂತಿರುತ್ತವೆ.

ನಿಜವಾದ ತೊಡಕು ಇರುವುದು ಕಾಯುವಿಕೆಯಲ್ಲಿ. 4.5 ಗಿಗಾಹರ್ಟ್ಸ್ ಎಂದರೆ ಒಂದು ಮಿಡಿತಕ್ಕೆ 0.22 ನ್ಯಾನೊಸೆಕೆಂಡ್, ಅಷ್ಟರಲ್ಲಿ ಬೆಳಕು ಕೂಡ ಏಳು ಸೆಂಟಿಮೀಟರ್ ದಾಟುವುದಿಲ್ಲ. ಆದರೆ ಮದರ್‌ಬೋರ್ಡಿನ ಮೇಲಿರುವ ರ‍್ಯಾಮ್‌ನಿಂದ ಒಂದು ಮಾಹಿತಿ ಬರಲು 70-80 ನ್ಯಾನೊಸೆಕೆಂಡ್ ಬೇಕು. ಒಂದು ಮಿಡಿತವನ್ನು ಒಂದು ಸೆಕೆಂಡಿನಷ್ಟು ಹಿಗ್ಗಿಸಿ ನೋಡಿ: ಕೋರ್‌ಗೆ ಅಂಟಿಕೊಂಡಿರುವ ಮೊದಲ ಹಂತದ ಕ್ಯಾಶ್ ಮೆಮೊರಿ ನಾಲ್ಕು ಸೆಕೆಂಡಿನಲ್ಲಿ ಉತ್ತರ ಕೊಡುತ್ತದೆ, ಮೂರನೆಯ ಹಂತದ ಕ್ಯಾಶ್ ಮುಕ್ಕಾಲು ನಿಮಿಷ ತೆಗೆದುಕೊಳ್ಳುತ್ತದೆ, ರ‍್ಯಾಮ್ ಐದಾರು ನಿಮಿಷ ಕಾಯಿಸುತ್ತದೆ. ಸೆಕೆಂಡಿಗೆ ಹಲವು ಆದೇಶಗಳನ್ನು ಮುಗಿಸಬಲ್ಲ ಕೋರ್ ಆ ಐದಾರು ನಿಮಿಷದ ಬಹುಪಾಲನ್ನು ಕೈಕಟ್ಟಿ ಕಳೆಯಬೇಕು. ಗಿಗಾಹರ್ಟ್ಸ್ ಹೆಚ್ಚಿಸಿದರೆ ಕಾಯುವ ಮಿಡಿತಗಳ ಸಂಖ್ಯೆ ಹೆಚ್ಚುತ್ತದೆ, ಅಷ್ಟೆ. ರೆಂಡರಿಂಗ್‌ನಂಥ ಕೆಲಸದಲ್ಲಿ ಈ ಕಾಯುವಿಕೆ ಅಷ್ಟಾಗಿ ಕಾಡುವುದಿಲ್ಲ. ಮಾಹಿತಿ ಸಾಲಾಗಿ ಬರುವ ಕಡೆ ಪ್ರೊಸೆಸರ್ ಮುಂದಿನದನ್ನು ಊಹಿಸಿ ಮೊದಲೇ ತರಿಸಿಕೊಳ್ಳುತ್ತದೆ. ಆಟದ ಜಗತ್ತು ಹಾಗಲ್ಲ. ಸಾವಿರಾರು ವಸ್ತುಗಳ ವಿವರ ಮೆಮೊರಿಯ ಮೂಲೆಮೂಲೆಗಳಲ್ಲಿ ಚದುರಿರುತ್ತದೆ, ಯಾವುದರ ನಂತರ ಯಾವುದು ಎಂದು ಊಹಿಸುವುದು ಕಷ್ಟ. ಆದರೆ ಒಂದು ಅನುಕೂಲವುಂಟು: ಸೆಕೆಂಡಿಗೆ 60 ಫ್ರೇಮ್ ಎಂದರೆ ಪ್ರತಿ 16.7 ಮಿಲಿಸೆಕೆಂಡಿಗೆ ಹೆಚ್ಚುಕಡಿಮೆ ಅದೇ ಮಾಹಿತಿ ಮತ್ತೆ ಬೇಕಾಗುತ್ತದೆ. ಅದನ್ನೆಲ್ಲ ಕ್ಯಾಶ್‌ನಲ್ಲೇ ಇಟ್ಟುಕೊಳ್ಳುವಷ್ಟು ಜಾಗವಿದ್ದರೆ ರ‍್ಯಾಮ್‌ವರೆಗೆ ಹೋಗುವ ಪ್ರಮೇಯವೇ ಕಡಿಮೆ.

ಆ ಜಾಗ ಮಾಡಿಕೊಂಡ ಬಗೆಯೇ ಇಲ್ಲಿಯ ಸೋಜಿಗ. 5800ಎಕ್ಸ್‌ನಲ್ಲಿದ್ದದ್ದು 32 ಮೆಗಾಬೈಟಿನ ಮೂರನೆಯ ಹಂತದ ಕ್ಯಾಶ್. ಅದನ್ನು ಅಡ್ಡಡ್ಡ ಹಿಗ್ಗಿಸಿದ್ದರೆ ಚಿಪ್ ದೊಡ್ಡದಾಗಿ, ತಂತಿಗಳು ಉದ್ದವಾಗಿ, ಕಾಯುವಿಕೆ ಮತ್ತೆ ಬೆಳೆಯುತ್ತಿತ್ತು. ಅದರ ಬದಲು ಎಂಜಿನಿಯರುಗಳು ಮಹಡಿ ಕಟ್ಟಿದರು. ಸುಮಾರು 41 ಚದರ ಮಿಲಿಮೀಟರಿನ ಇನ್ನೊಂದು ಸಿಲಿಕಾನ್ ಚೂರನ್ನು ತೆಳ್ಳಗೆ ಸವೆಸಿ ಹಳೆಯ ಕ್ಯಾಶ್‌ನ ನೆತ್ತಿಯ ಮೇಲೇ ಕೂರಿಸಿದರು. ಅದರಲ್ಲಿ 64 ಮೆಗಾಬೈಟ್, ಒಟ್ಟು 96. ಎರಡರ ನಡುವೆ ಬೆಸುಗೆಯ ಸೀಸವಿಲ್ಲ, ತವರವಿಲ್ಲ. ನುಣುಪಾದ ತಾಮ್ರಕ್ಕೆ ತಾಮ್ರ ನೇರವಾಗಿ ಬೆಸೆದುಕೊಳ್ಳುತ್ತದೆ. ಮೂರು ಪಟ್ಟು ಕ್ಯಾಶ್ ಬಂದರೂ ಹೆಚ್ಚಿದ ಕಾಯುವಿಕೆ ನಾಲ್ಕೇ ಮಿಡಿತದಷ್ಟು! ಕೋರ್‌ಗಳ ಮೇಲಿನ ಖಾಲಿ ಜಾಗದಲ್ಲಿ ಏನೂ ಕೆಲಸ ಮಾಡದ ಬರೀ ಸಿಲಿಕಾನ್ ಇಟ್ಟರು, ಬಿಸಿ ಮೇಲಕ್ಕೆ ಹೋಗಲಿ ಎಂದು. ಈ ಮಹಡಿ ಹೆಚ್ಚು ವೋಲ್ಟೇಜನ್ನೂ ಶಾಖವನ್ನೂ ತಾಳದು. ಗಿಗಾಹರ್ಟ್ಸ್ ಇಳಿಸಿದ್ದು, ಓವರ್‌ಕ್ಲಾಕ್‌ಗೆ ಬೀಗ ಹಾಕಿದ್ದು ಅದಕ್ಕೇ.

ಈಗ ಹಳೆಯ ಕಂಪ್ಯೂಟರಿನ ಮಾತು. 2017ರಿಂದ ಈಚೆಗೆ ರೈಜನ್ 5 1600, 2600 ಅಥವಾ 3600 ಹಾಕಿಸಿಕೊಂಡವರ ಮದರ್‌ಬೋರ್ಡಿನಲ್ಲಿರುವುದು ಎಎಂ4 ಸಾಕೆಟ್. ಅದೇ ಸಾಕೆಟ್ಟಿಗೆ 5800ಎಕ್ಸ್3ಡಿ, 2024ರಲ್ಲಿ ಬಂದ ಅದರ ಅಗ್ಗದ ರೂಪ 5700ಎಕ್ಸ್3ಡಿ ಎರಡೂ ಹೊಂದುತ್ತವೆ. ಮೊದಲ ಪೀಳಿಗೆಯ ಬೋರ್ಡುಗಳಿಗೂ 2022ರಲ್ಲಿ ಬಯೋಸ್ (ಬೋರ್ಡಿನ ಮೂಲ ತಂತ್ರಾಂಶ) ಅಪ್‌ಡೇಟ್‌ನ ದಾರಿ ತೆರೆಯಿತು. ಐದು ವರ್ಷ ಹಳೆಯ ಬೋರ್ಡಿಗೆ ಆ ಕಾಲದ ಅತ್ಯುತ್ತಮ ಗೇಮಿಂಗ್ ಚಿಪ್ಪುಗಳಲ್ಲೊಂದು ಒಗ್ಗಿದ್ದು ಗ್ರಾಹಕರಿಗೆ ಸಿಕ್ಕ ಅಪರೂಪದ ನ್ಯಾಯ. ಇಂಟೆಲ್ ಪಾಳಯದಲ್ಲಿ 2017ರ ಆರಂಭದಲ್ಲಿ 7700ಕೆ ಕೊಂಡವರಿಗೆ ಆ ಭಾಗ್ಯವಿರಲಿಲ್ಲ. ಅದೇ ವರ್ಷ ಬಂದ 8700ಕೆ ಸಾಕೆಟ್ಟಿಗೂ 1151 ಎಂದೇ ಹೆಸರು, ಆದರೂ ಹಳೆಯ ಬೋರ್ಡಿನಲ್ಲಿ ಅದು ನಡೆಯಲಿಲ್ಲ.

‘ಹೊಸ ಎಎಂ5 ಬೋರ್ಡಿಗೇ ಹೋಗಬಾರದೇಕೆ?’ ಎಂದು ಕೇಳುವವರಿದ್ದಾರೆ. ಶುದ್ಧ ವೇಗ ನೋಡಿದರೆ 7800ಎಕ್ಸ್3ಡಿ, 9800ಎಕ್ಸ್3ಡಿ ಮುಂದಿರುವುದು ಖಂಡಿತ. ಆದರೆ ಅವಕ್ಕೆ ಹೊಸ ಬೋರ್ಡಿನ ಜೊತೆ ಡಿಡಿಆರ್5 ರ‍್ಯಾಮ್ ಕೂಡ ಬೇಕು, ಅದರ ಬೆಲೆ 2025ರ ಕೊನೆಯಿಂದ ವಿಪರೀತ ಏರಿದೆ. ದೊಡ್ಡ ಕ್ಯಾಶ್ ಇರುವ ಚಿಪ್ ರ‍್ಯಾಮ್‌ನ ವೇಗವನ್ನು ಅಷ್ಟಾಗಿ ನೆಚ್ಚಿಕೊಳ್ಳುವುದಿಲ್ಲ, ಹಾಗಾಗಿ ಕೈಯಲ್ಲಿರುವ ಡಿಡಿಆರ್4 ಸಾಕು. ‘4ಕೆ ಪರದೆಯಲ್ಲಿ ಲಾಭವೇ ಕಾಣದಲ್ಲ’ ಎಂಬುದು ಇನ್ನೊಂದು ಆಕ್ಷೇಪ. ಇದು ಬಹುಮಟ್ಟಿಗೆ ಸರಿ. ಅಲ್ಲಿ ಬಳಲುವುದು ಗ್ರಾಫಿಕ್ಸ್ ಕಾರ್ಡ್. ಅಂಥವರು ಪ್ರೊಸೆಸರಿಗೆ ದುಡ್ಡು ಹಾಕಬಾರದು. ನಿಮ್ಮದು ಯಾವ ಬಗೆ ಎಂದು ತಿಳಿಯಲು ಆಟದ ಸೆಟ್ಟಿಂಗ್‌ನಲ್ಲಿ ರೆಸಲ್ಯೂಷನ್ ಇಳಿಸಿ ನೋಡಿ. ಫ್ರೇಮ್‌ಗಳು ಏರಿದರೆ ತೊಡಕು ಗ್ರಾಫಿಕ್ಸ್ ಕಾರ್ಡಿನದು. ಮಿಸುಕದೆ ನಿಂತರೆ ಪ್ರೊಸೆಸರಿನದು. ಎರಡು ಭಾಗಗಳ ಹೆಸರು ಟೈಪ್ ಮಾಡಿದರೆ ‘ಬಾಟಲ್‌ನೆಕ್ ಶೇ. 23’ ಎಂದು ಕಣಿ ಹೇಳುವ ಜಾಲತಾಣಗಳನ್ನು ನಂಬಬೇಡಿ. ಯಾವ ಆಟ, ಯಾವ ಸೆಟ್ಟಿಂಗ್ ಎಂದು ಕೇಳದೆ ಕೊಡುವ ಅಂಕಿಗೆ ಅರ್ಥವೇ ಇಲ್ಲ.

5800ಎಕ್ಸ್3ಡಿ, 5700ಎಕ್ಸ್3ಡಿ ಚಿಪ್ಪುಗಳು ಈಗ ಅಂಗಡಿಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ, ಇದು ನಿಜವಾದ ಅಡ್ಡಿ. ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಸೆಕೆಂಡ್ ಹ್ಯಾಂಡ್ ಸಿಕ್ಕರೆ ಅಲ್ಲೇ ಓಡಿಸಿ ನೋಡಿ ಕೊಳ್ಳಬೇಕು. ಬೆಲೆ ಹೊಸ ಚಿಪ್, ಬೋರ್ಡ್, ರ‍್ಯಾಮ್‌ನ ಒಟ್ಟು ಬೆಲೆಯ ಅರ್ಧ ದಾಟಿದರೆ ಬಿಟ್ಟುಬಿಡಿ. 3ಡಿ ಇಲ್ಲದ ಸಾದಾ 5600 ಅಥವಾ 5700ಎಕ್ಸ್ ಕೂಡ 1600 ಇದ್ದವರಿಗೆ ದೊಡ್ಡ ಜಿಗಿತವೇ. ಅಂಥವರಿಗೆ ಬದಲಾಯಿಸಲು ಮತ್ತೊಂದು ಕಾರಣವೂ ಇದೆ: ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ವಿಂಡೋಸ್ 11ಕ್ಕೆ ಅರ್ಹವಾದ ಚಿಪ್ಪುಗಳ ಪಟ್ಟಿಯಲ್ಲಿ 1600 ಇಲ್ಲ.

ಬದಲಾಯಿಸುವುದೇ ಎಂದಾದರೆ ಹಳೆಯ ಪ್ರೊಸೆಸರ್ ಬೋರ್ಡಿನಲ್ಲಿ ಇರುವಾಗಲೇ ಬಯೋಸ್ ಅಪ್‌ಡೇಟ್ ಮುಗಿಸಿ. ಅದನ್ನು ಮಾಡದೆ ಹೊಸ ಚಿಪ್ ಹಾಕಿದರೆ ಪರದೆಯೇ ಬೆಳಗದಿರಬಹುದು. ಕೂಲರ್ ಕೀಳುವ ಮೊದಲು ಸ್ವಲ್ಪ ಹೊತ್ತು ಆಟ ಓಡಿಸಿ ಥರ್ಮಲ್ ಪೇಸ್ಟ್ ಮೆತ್ತಗಾಗಲು ಬಿಡಿ. ನಂತರ ಕಂಪ್ಯೂಟರ್ ಆಫ್ ಮಾಡಿ, ಪವರ್ ಕೇಬಲ್ ಕಿತ್ತು, ಕೂಲರನ್ನು ನೇರವಾಗಿ ಎಳೆಯದೆ ಮೆಲ್ಲಗೆ ತಿರುಚಿ ಬಿಡಿಸಿ. ಎಎಂ4 ಚಿಪ್ಪಿನ 1331 ಪಿನ್ನುಗಳು ಇರುವುದು ಅದರ ಹೊಟ್ಟೆಯಡಿಯಲ್ಲೇ. ಗಟ್ಟಿಯಾದ ಪೇಸ್ಟಿಗೆ ಅಂಟಿಕೊಂಡು ಪ್ರೊಸೆಸರೂ ಎದ್ದು ಬಂದರೆ ಅವು ಬಾಗುತ್ತವೆ.