ಕೊನೆಯ ಬಂಡಿ ಬರುವವರೆಗೆ ಉರಿಯುವ ದೀಪ

ಕೀಳ್ ಕೋತಗಿರಿಯ ಮಕ್ಕಳು ಶಾಲೆಗೆ ಸೇರುವ ಐದಾರರ ವಯಸ್ಸಿನಲ್ಲಿ ಡಿಪಿಟಿ ಚುಚ್ಚುಮದ್ದು ಹಾಕಿಸಿಕೊಳ್ಳುತ್ತಾರೆ. ಸ್ವಲ್ಪ ಅಳು, ಒಂದು ರಾತ್ರಿಯ ಜ್ವರ, ಅಷ್ಟಕ್ಕೆ ಮುಗಿಯಿತು. ಆ ಲಸಿಕೆಯನ್ನು ತಯಾರಿಸುವ ಸಂಸ್ಥೆಗಳಲ್ಲಿ ಒಂದು ಕೋತಗಿರಿಯಿಂದ ಸುಮಾರು 20 ಕಿಲೋಮೀಟರ್ ದೂರದ ಕೂನೂರಿನಲ್ಲಿಯೇ ಇದೆ: 1907ರಲ್ಲಿ ಹುಚ್ಚುನಾಯಿ ಕಡಿತದ ಚಿಕಿತ್ಸೆಗೆಂದು ಆರಂಭವಾದ ಪಾಸ್ಚರ್ ಸಂಸ್ಥೆ. ಡಿಪಿಟಿಯ ಮೊದಲ ಅಕ್ಷರವು ಡಿಫ್ತೀರಿಯಾ ರೋಗವನ್ನು ಸೂಚಿಸುತ್ತದೆ. ಹಳಬರು ಅದನ್ನು ಗಂಟಲುಮಾರಿ ಎನ್ನುತ್ತಿದ್ದರು. ಮಗುವಿನ ಗಂಟಲಿನಲ್ಲಿ ಪೊರೆ ಕಟ್ಟಿ ಉಸಿರನ್ನೇ ತಡೆಯುವ ರೋಗವದು. ಆ ರೋಗಕ್ಕೂ, ಜಗತ್ತಿನ ಅತಿ ಪ್ರಸಿದ್ಧವಾದ ನಾಯಿಬಂಡಿ ಓಟಕ್ಕೂ ಒಂದು ಹಳೆಯ ನಂಟಿದೆ.

1925ರ ಜನವರಿ. ಅಲಾಸ್ಕಾದ ಪಶ್ಚಿಮ ಕರಾವಳಿಯ ನೋಮ್ ಪಟ್ಟಣದಲ್ಲಿ ಗಂಟಲುಮಾರಿ ಕಾಣಿಸಿಕೊಂಡಿತು. ಅಲ್ಲಿದ್ದ ವೈದ್ಯರು ಕರ್ಟಿಸ್ ವೆಲ್ಚ್ ಒಬ್ಬರೇ. ಅವರ ಬಳಿ ಇದ್ದ ಪ್ರತಿವಿಷದ ಅವಧಿ ಮುಗಿದಿತ್ತು. ಸಮುದ್ರ ಹೆಪ್ಪುಗಟ್ಟಿದ್ದರಿಂದ ಹಡಗು ಬರುವಂತಿರಲಿಲ್ಲ. ಅಂದಿನ ತೆರೆದ ವಿಮಾನಗಳನ್ನು ಆ ಚಳಿಯಲ್ಲಿ ಹಾರಿಸುವ ಧೈರ್ಯ ಅಧಿಕಾರಿಗಳಿಗೆ ಬರಲಿಲ್ಲ. ಆಂಕರೇಜ್ ನಗರದಲ್ಲಿ ದೊರೆತ ಔಷಧಿ ರೈಲಿನಲ್ಲಿ ನೆನಾನಾವರೆಗೆ ಬಂದಿತು. ಮುಂದಿನ 674 ಮೈಲಿ, ಎಂದರೆ ಸುಮಾರು 1,085 ಕಿಲೋಮೀಟರ್, ನಾಯಿಗಳ ಪಾಲಿಗೆ ಬಂದಿತು. ಅಂಚೆಯಾಳುಗಳು ಚೀಲವನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದಂತೆ 20 ಸಾರಥಿಗಳು ಆ ಕಟ್ಟನ್ನು ಒಬ್ಬರಿಂದೊಬ್ಬರಿಗೆ ಒಪ್ಪಿಸಿದರು. ಫೆಬ್ರವರಿ 2ರ ಮುಂಜಾನೆ, ಐದೂವರೆ ದಿನಗಳೊಳಗೆ, ಔಷಧಿ ನೋಮ್ ಸೇರಿತು. ಊರೊಳಗೆ ಬಂದ ಕೊನೆಯ ತಂಡದ ಮುಂದಾಳು ನಾಯಿ ಬಾಲ್ಟೋಗೆ ನ್ಯೂಯಾರ್ಕಿನಲ್ಲಿ ಪ್ರತಿಮೆಯಾಯಿತು. ಆದರೆ ಅತಿ ದೀರ್ಘವಾದ ಹಾದಿಯನ್ನು ಸವೆಸಿದ್ದು ಲಿಯೊನಾರ್ಡ್ ಸೆಪ್ಪಾಲಾನ ತಂಡ. ಅದರ ಮುಂದಾಳು ಟೋಗೋ ಎಂಬ 12 ವರ್ಷದ ಮುದಿ ನಾಯಿ. ಹೋಗುವ ಬರುವ ದಾರಿ ಸೇರಿ ಅದು ಓಡಿದ್ದು ಸುಮಾರು 420 ಕಿಲೋಮೀಟರ್. ಕೀರ್ತಿ ಸದಾ ಶ್ರಮದ ಲೆಕ್ಕ ನೋಡಿ ಬರುವುದಿಲ್ಲ.

1960ರ ದಶಕದ ಹೊತ್ತಿಗೆ ಹಿಮದ ಮೇಲೆ ಓಡುವ ಯಂತ್ರಗಳು ಬಂದು, ಅಲಾಸ್ಕಾದ ಹಳ್ಳಿಗಳಲ್ಲಿ ಬಂಡಿಯ ನಾಯಿಗಳೇ ಇಲ್ಲವಾಗತೊಡಗಿದವು. ನಾಯಿಗಳನ್ನೂ ಹಳೆಯ ಅಂಚೆದಾರಿಯನ್ನೂ ಉಳಿಸಬೇಕೆಂದು ಜೋ ರೆಡಿಂಗ್ಟನ್ ಮತ್ತು ಸಂಗಡಿಗರು 1973ರಲ್ಲಿ ಆಂಕರೇಜಿನಿಂದ ನೋಮ್‌ವರೆಗೆ ಓಟ ನಡೆಸಿದರು. ಅದೇ ಇಡಿಟರಾಡ್. ದೂರ ಸುಮಾರು ಸಾವಿರ ಮೈಲಿ. ಮೊದಲ ವರ್ಷ ಗೆದ್ದವನಿಗೆ 20 ದಿನ ಹಿಡಿದಿತ್ತು. ಈಗ ಮುಂಚೂಣಿಯವರು ಒಂಬತ್ತು ಹತ್ತು ದಿನಗಳಲ್ಲಿ ತಲುಪುತ್ತಾರೆ.

ಓಟ ನಡೆಯುವುದು ಮಾರ್ಚಿಯಲ್ಲಾದರೂ ಸಿದ್ಧತೆ ಹಿಂದಿನ ಶರತ್ಕಾಲದಲ್ಲೇ ಆರಂಭವಾಗುತ್ತದೆ. ಹಿಮ ಬೀಳುವ ಮೊದಲು ನಾಯಿಗಳನ್ನು ನಾಲ್ಕು ಚಕ್ರದ ಸಣ್ಣ ಮೋಟಾರು ಗಾಡಿಗೆ ಕಟ್ಟಿ ಎಳೆಸುತ್ತಾರೆ. ಮೊದಲು ಕೆಲವೇ ಕಿಲೋಮೀಟರ್. ವಾರಗಳು ಕಳೆದಂತೆ ದೂರ ಬೆಳೆಯುತ್ತದೆ. ಹಿಮ ಬಿದ್ದ ಮೇಲೆ ಬಂಡಿ: ಚಕ್ರವಿಲ್ಲದ, ಎರಡು ಉದ್ದ ಪಟ್ಟಿಗಳ ಮೇಲೆ ಜಾರುವ ಹಗುರವಾದ ಗಾಡಿ. ಇದಕ್ಕೆ ಲಗಾಮಿಲ್ಲ. ಬಲಕ್ಕೆ ತಿರುಗಲು ‘ಜೀ’, ಎಡಕ್ಕೆ ‘ಹಾ’ ಎಂಬ ಕೂಗಷ್ಟೇ. ಅವೂ ಎತ್ತು ಕುದುರೆಗಳನ್ನು ಹೊಡೆಯುತ್ತಿದ್ದವರಿಂದ ಬಂದ ಕೂಗುಗಳು. ಉಳುವವನ ದನಿಗೆ ಸಾಲು ಹಿಡಿಯುವ ಎತ್ತನ್ನು ಕಂಡವರಿಗೆ ಇದು ಬೆರಗೇನಲ್ಲ. ಬೆರಗು ಬೇರೆಡೆ ಇದೆ. ಮುಂದಿನ ನಾಯಿ ಕೂಗನ್ನು ಕೇಳಬೇಕು. ಕಾಲಡಿಯ ಮಂಜುಗಡ್ಡೆ ತೆಳುವಾಗಿದೆ ಎನಿಸಿದರೆ ಅದೇ ಕೂಗನ್ನು ಮೀರಲೂ ಬೇಕು. ಅಂತಹ ನಾಯಿಯನ್ನು ಬೆದರಿಸಿ ತಯಾರು ಮಾಡಲಾಗದು.

ಬಂಡಿಯ ನಾಯಿಗಳು ಚಿತ್ರಗಳಲ್ಲಿ ಕಾಣುವಷ್ಟು ದೊಡ್ಡವಲ್ಲ. ಸಾಮಾನ್ಯವಾಗಿ 18ರಿಂದ 25 ಕಿಲೋ ತೂಕದ, ಅನೇಕ ತಳಿಗಳು ಬೆರೆತ ನಾಯಿಗಳವು. ಆದರೆ ಓಟದ ದಿನಗಳಲ್ಲಿ ಒಂದೊಂದಕ್ಕೂ ದಿನಕ್ಕೆ 10,000 ಕ್ಯಾಲರಿಯಷ್ಟು ಆಹಾರ ಬೇಕು, ಅಂದರೆ ದುಡಿಯುವ ಮನುಷ್ಯನ ಊಟದ ಮೂರು ನಾಲ್ಕು ಪಟ್ಟು. ಮಾಂಸ, ಮೀನು, ಕೊಬ್ಬುಗಳನ್ನು ಹೆಪ್ಪುಗಟ್ಟಿಸಿ, ಚೀಲಗಳಲ್ಲಿ ತುಂಬಿ, ದಾರಿಯ ಇಪ್ಪತ್ತಕ್ಕೂ ಹೆಚ್ಚು ತಂಗುದಾಣಗಳಿಗೆ ವಾರಗಳ ಮೊದಲೇ ವಿಮಾನದಲ್ಲಿ ಕಳುಹಿಸಬೇಕು. ಜೊತೆಗೆ ಪಾದಗಳಿಗೆ ಬಟ್ಟೆಯ ಚೀಲಗಳು. 14 ನಾಯಿಗಳಿಗೆ 56 ಕಾಲುಗಳು. ಚೀಲಗಳು ಸವೆದು ಹರಿಯುತ್ತಲೇ ಇರುವುದರಿಂದ ಒಂದು ತಂಡಕ್ಕೆ ಸಾವಿರಕ್ಕೂ ಹೆಚ್ಚು ಬೇಕಾಗುತ್ತವೆ.

ಹೊಸಬರಿಗೆ ನೇರ ಪ್ರವೇಶವಿಲ್ಲ. ಒಟ್ಟು 750 ಮೈಲಿಯಷ್ಟು ಬೇರೆ ಓಟಗಳನ್ನು ಮುಗಿಸಿ ಯೋಗ್ಯತೆ ತೋರಬೇಕು. 14ರಿಂದ 17 ವರ್ಷದ ಹುಡುಗ ಹುಡುಗಿಯರಿಗಾಗಿ 1978ರಿಂದ ಸುಮಾರು 150 ಮೈಲಿಯ ಕಿರಿಯರ ಓಟವೂ ಇದೆ. ಹೈಸ್ಕೂಲಿನ ಮಕ್ಕಳು ತಮ್ಮ ನಾಯಿಗಳೊಡನೆ ಒಂದು ರಾತ್ರಿ ಹಿಮದಲ್ಲಿ ಕಳೆದು ಮರಳುತ್ತಾರೆ.

ಓಟದ ನಿಜವಾದ ಪರೀಕ್ಷೆ ಓಡುವಾಗಲ್ಲ, ನಿಂತಾಗ. ಆರು ಗಂಟೆ ಓಡಿ ತಂಗುದಾಣ ಸೇರಿದ ತಂಡವನ್ನು ಊಹಿಸಬಹುದು. ಚಳಿ ಸೊನ್ನೆಗಿಂತ 30 ಡಿಗ್ರಿ ಕೆಳಗೆ. ಸಾರಥಿಗೆ ಎರಡು ರಾತ್ರಿಯ ನಿದ್ದೆ ಬಾಕಿ. ಆದರೂ ಮೊದಲು ಹುಲ್ಲು ಹಾಸಬೇಕು. ಹಿಮವನ್ನು ಕರಗಿಸಿ ನೀರು ಕಾಯಿಸಬೇಕು. ಒಣ ಆಹಾರವನ್ನು ನೆನೆಸಿ ಬಡಿಸಬೇಕು. ಕಾಲುಚೀಲಗಳನ್ನು ಬಿಚ್ಚಿ, ಬರಿಗೈಯಲ್ಲಿ ಒಂದೊಂದೇ ಪಾದದ ಬೆರಳುಗಳ ಸಂದಿಯನ್ನು ನೋಡಿ ಮುಲಾಮು ಹಚ್ಚಬೇಕು. ಭುಜ ತಿಕ್ಕಿ, ಯಾವ ನಾಯಿ ಊಟ ಬಿಟ್ಟಿದೆ ಎಂದು ಗಮನಿಸಬೇಕು. ಇವೆಲ್ಲ ಮುಗಿದ ಮೇಲೆ ಮನುಷ್ಯನ ಊಟ. ಮಿಕ್ಕರೆ ಒಂದು ಗಂಟೆಯ ನಿದ್ದೆ. ಬಳಲಿದ ಅಥವಾ ಕುಂಟುವ ನಾಯಿಯನ್ನು ಅಲ್ಲಿಯೇ ಪಶುವೈದ್ಯರಿಗೆ ಒಪ್ಪಿಸಿದರೆ ಅದು ವಿಮಾನದಲ್ಲಿ ಹಿಂದಿರುಗುತ್ತದೆ. ಬದಲಿಗೆ ಇನ್ನೊಂದನ್ನು ಕಟ್ಟುವಂತಿಲ್ಲ. ಕನಿಷ್ಠ 5 ನಾಯಿಗಳಾದರೂ ಉಳಿದು ಗುರಿ ಸೇರಬೇಕು. ಒಂದು ಕಡೆ 24 ಗಂಟೆ, ಮತ್ತೆರಡು ಕಡೆ ಎಂಟೆಂಟು ಗಂಟೆ ಕಡ್ಡಾಯ ವಿಶ್ರಾಂತಿ. ಗೆಲ್ಲುವ ಆತುರಕ್ಕೆ ನಿಯಮ ಹಾಕಿದ ಬೇಲಿ ಇದು.

ಆ ಬೇಲಿಯೂ ಎಲ್ಲವನ್ನೂ ಕಾಯದು. 1985ರಲ್ಲಿ ಸೂಸನ್ ಬುಚರ್ ಅವರ ತಂಡದ ಮೇಲೆ ದೈತ್ಯ ಕಡವೆಯಂತಹ ಮೂಸ್ ಎರಗಿ ಎರಡು ನಾಯಿಗಳು ಸತ್ತವು. ಆಕೆ ಓಟ ಬಿಟ್ಟು ಗಾಯಗೊಂಡವುಗಳ ಆರೈಕೆಗೆ ನಿಂತರು. ಆ ವರ್ಷ ಗೆದ್ದ ಲಿಬ್ಬಿ ರಿಡಲ್ಸ್ ಈ ಓಟ ಗೆದ್ದ ಮೊದಲ ಮಹಿಳೆ. ಬುಚರ್ ಮುಂದಿನ ಮೂರು ವರ್ಷವೂ, 1990ರಲ್ಲಿ ಮತ್ತೊಮ್ಮೆಯೂ ಗೆದ್ದರು. 2024ರ ಓಟದಲ್ಲಿ ಮೂರು ನಾಯಿಗಳು ಸತ್ತವು. ಓಟವನ್ನೇ ನಿಲ್ಲಿಸಬೇಕೆನ್ನುವ ಪ್ರಾಣಿಪ್ರಿಯರ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ಎದೆಪಟ್ಟಿ ಕಂಡೊಡನೆ ಕುಣಿದು ಕೂಗುವ ನಾಯಿಗಳ ಉತ್ಸಾಹ ನಿಜ. ಆದರೆ ಸಾವಿರ ಮೈಲಿಯ ಲೆಕ್ಕ ಹಾಕಿದ್ದು ಅವುಗಳಲ್ಲ. ಹೀಗಾಗಿ ಆ ಲೆಕ್ಕದ ಹೊಣೆ ಪೂರ್ತಿಯಾಗಿ ಮನುಷ್ಯನದೇ.

ಈಗ ಹಿಮವೂ ಕೈಕೊಡುತ್ತಿದೆ. ದಾರಿಯಲ್ಲಿ ಸಾಕಷ್ಟು ಹಿಮವಿಲ್ಲದ ಕಾರಣ 2003, 2015, 2017 ಮತ್ತು 2025ರಲ್ಲಿ ಓಟವನ್ನು ಉತ್ತರದ ಫೇರ್‌ಬ್ಯಾಂಕ್ಸ್ ನಗರದಿಂದ ಆರಂಭಿಸಬೇಕಾಯಿತು.

ಗೆದ್ದವರು ನೋಮ್ ತಲುಪಿ, ಬಹುಮಾನ ಪಡೆದು, ನಿದ್ದೆ ತೀರಿಸಿಕೊಂಡ ಮೇಲೂ ದಾರಿಯಲ್ಲಿ ಬಂಡಿಗಳಿರುತ್ತವೆ. ಹಿಂದೆ ಅಂಚೆಬಂಡಿ ಹೊರಟಿದೆ ಎಂಬ ಸುದ್ದಿ ಬಂದರೆ, ದಾರಿಬದಿಯ ತಂಗುಮನೆಗಳ ಹೊರಗೆ ಸೀಮೆಎಣ್ಣೆಯ ಲಾಂದ್ರ ತೂಗುಹಾಕಿ, ಸಾರಥಿ ಬಂದು ಸೇರುವವರೆಗೆ ಆರಿಸದೆ ಇಡುತ್ತಿದ್ದರು. ಅದೇ ನೆನಪಿನಲ್ಲಿ ನೋಮ್‌ನ ಗುರಿಕಮಾನಿಗೆ ಇಂದಿಗೂ ಒಂದು ಲಾಂದ್ರವನ್ನು ಕಟ್ಟುತ್ತಾರೆ. ಕೊನೆಯ ಸಾರಥಿಗೂ ಕೆಂಪು ಲಾಂದ್ರದ ಬಹುಮಾನವುಂಟು. ಆ ಕೊನೆಯ ಬಂಡಿ ಗೆರೆ ದಾಟಿದ ಮೇಲೆಯೇ ಕಮಾನಿನ ದೀಪವನ್ನು ಆರಿಸುತ್ತಾರೆ.