ಅಂಗಳದಲ್ಲಿ ಗಾಲ್ಫ್ ಅಭ್ಯಾಸ: ಅಳೆಯುವ ಯಂತ್ರ ಕೊಳ್ಳುವ ಮುನ್ನ

ಗಾಲ್ಫ್ ಎಂದರೆ ಸಿರಿವಂತರ ಕಾಲಹರಣ ಎಂಬ ಭಾವನೆ ನಮ್ಮ ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಮನೆಗಳಲ್ಲಿ ಬಹುಕಾಲದಿಂದ ಬೇರೂರಿದೆ. ಅದಕ್ಕೆ ಕಾರಣವಿಲ್ಲದೆ ಇಲ್ಲ. ಬೆಂಗಳೂರಿನ ಗಾಲ್ಫ್ ಕ್ಲಬ್ಬು 1876ರಲ್ಲಿ, ಆಂಗ್ಲರ ಕಾಲದಲ್ಲಿ ಸ್ಥಾಪನೆಯಾದುದು. ನಮ್ಮ ಜಿಲ್ಲೆಯಲ್ಲಿ ಈ ಆಟದ ಮೈದಾನವಿರುವುದು ಕಾಫಿ ತೋಟಗಳ ನಡುವಿನ ಚಿಕ್ಕಮಗಳೂರಿನಲ್ಲಿ. ತೆಂಗು, ಅಡಿಕೆ, ಈರುಳ್ಳಿಗಳ ಲೆಕ್ಕದಲ್ಲಿ ವರ್ಷ ಕಳೆಯುವ ಬಯಲುಸೀಮೆಯ ಕುಟುಂಬಗಳಿಗೂ ಆ ಹಸಿರು ಹಾಸಿಗೂ ಸಂಬಂಧವೇ ಇರಲಿಲ್ಲ.

ಆದರೆ 2021ರ ಆಗಸ್ಟ್ 7ರ ಬೆಳಗ್ಗೆ ಈ ಭಾವನೆ ಸ್ವಲ್ಪ ಸಡಿಲವಾಯಿತು. ಟೋಕಿಯೊ ಒಲಿಂಪಿಕ್ಸಿನಲ್ಲಿ ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ಪದಕಕ್ಕೆ ಕೇವಲ ಒಂದು ಹೊಡೆತದ ಅಂತರದಲ್ಲಿ ನಾಲ್ಕನೆಯ ಸ್ಥಾನ ಪಡೆದಳು. ಆಗ ವಿಶ್ವ ಶ್ರೇಯಾಂಕದಲ್ಲಿ ಆಕೆಯ ಸ್ಥಾನ 200. ಆಕೆಯ ದಾಂಡುಗಳ ಚೀಲವನ್ನು ಹೆಗಲಿಗೇರಿಸಿಕೊಂಡು ಮೈದಾನದುದ್ದಕ್ಕೂ ನಡೆದವರು ಸ್ವತಃ ಆಕೆಯ ತಾಯಿ. ಐದು ವರ್ಷಗಳ ಹಿಂದೆ ರಿಯೊದಲ್ಲಿ ಅದೇ ಚೀಲವನ್ನು ಹೊತ್ತವರು ತಂದೆ. ಆ ದೃಶ್ಯವನ್ನು ದೂರದರ್ಶನದಲ್ಲಿ ಕಂಡ ಅನೇಕ ಮನೆಗಳಲ್ಲಿ ತರೀಕೆರೆಯ ನನ್ನ ತಮ್ಮನ ಮನೆಯೂ ಒಂದು. ಅಂದು ಪುಟ್ಟ ಹುಡುಗಿಯಾಗಿದ್ದ ಅವನ ಮಗಳು ಮರುದಿನವೇ ಅಡಿಕೆ ಕಣದಲ್ಲಿ ಕೋಲು ಹಿಡಿದು ಗೋಟಡಿಕೆಗಳನ್ನು ಹೊಡೆಯತೊಡಗಿದಳು. ಈಗ ಪ್ರೌಢಶಾಲೆಯಲ್ಲಿರುವ ಅವಳ ಹಂಬಲ ಇಂದಿಗೂ ಕುಂದಿಲ್ಲ.

ಕಳೆದ ದಸರಾ ರಜೆಗೆ ಮುಂಚೆ ತಮ್ಮ ನನ್ನನ್ನು ಕರೆಸಿದನು. ಮಗಳಿಗೆ ಮನೆಯಲ್ಲಿಯೇ ಅಭ್ಯಾಸ ಮಾಡಲು ‘ಲಾಂಚ್ ಮಾನಿಟರ್’ ಎಂಬ ಯಂತ್ರ ಕೊಡಿಸಬೇಕೆಂದಿದ್ದ. ಬೆಲೆ ಸುಮಾರು 50,000 ರೂಪಾಯಿ. “ಅಣ್ಣಾ, ನೀವು ವಿಜ್ಞಾನ ಪಾಠ ಮಾಡಿದವರು. ಇದು ಕೊಳ್ಳತಕ್ಕ ವಸ್ತುವೋ ಅಲ್ಲವೋ ನೋಡಿ ಹೇಳಿ” ಎಂದನು. ನಮ್ಮ ತಾಯಿಯವರು ಒಳಗಿನಿಂದಲೇ, “ಅಷ್ಟು ದುಡ್ಡಿಗೆ ಹಸು ಬರುತ್ತಿತ್ತಲ್ಲಪ್ಪಾ” ಎಂದರು. ಈ ಎರಡು ಮಾತುಗಳ ನಡುವೆ ನಾನು ಕಲಿತದ್ದನ್ನು, ಇಂಥದೇ ಹಂಬಲದ ಮಕ್ಕಳಿರುವ ಇತರ ಕುಟುಂಬಗಳಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಯಂತ್ರ ಮಾಡುವುದೇನು?

ಅಂಗಳದಲ್ಲಿ ಬಲೆ ಕಟ್ಟಿ ಚೆಂಡನ್ನು ಹೊಡೆದರೆ ಅದು ಹತ್ತು ಹನ್ನೆರಡು ಅಡಿ ಹೋಗಿ ಬಲೆಗೆ ಬೀಳುತ್ತದೆ. ಬಲೆ ಇಲ್ಲದಿದ್ದರೆ ಅದು ಎಷ್ಟು ದೂರ, ಎಷ್ಟು ಎತ್ತರಕ್ಕೆ ಹೋಗುತ್ತಿತ್ತೆಂದು ಹೇಳುವುದೇ ಈ ಯಂತ್ರದ ಕೆಲಸ. ಅಂಥ ಯಂತ್ರಗಳಲ್ಲಿ ಮುಖ್ಯವಾಗಿ ಎರಡು ಬಗೆ.

ಮೊದಲನೆಯದು ರಾಡಾರ್ ಬಗೆ. ಬೀರೂರಿನಲ್ಲಿಯೋ ಕಡೂರಿನಲ್ಲಿಯೋ ನಿಲ್ಲದೆ ಹೋಗುವ ರೈಲಿನ ಸೀಟಿಯನ್ನು ಗಮನಿಸಿದವರಿಗೆ ಇದರ ತತ್ತ್ವ ಸುಲಭವಾಗಿ ತಿಳಿಯುತ್ತದೆ. ಗಾಡಿ ಹತ್ತಿರ ಬರುವಾಗ ಸೀಟಿಯ ಸ್ವರ ಏರಿರುತ್ತದೆ, ನಮ್ಮನ್ನು ದಾಟಿದೊಡನೆ ಇಳಿಯುತ್ತದೆ. 1842ರಲ್ಲಿ ಆಸ್ಟ್ರಿಯಾದ ಡಾಪ್ಲರ್ ಎಂಬ ವಿಜ್ಞಾನಿ ವಿವರಿಸಿದ ಪರಿಣಾಮವಿದು. ಯಂತ್ರವು ಕಣ್ಣಿಗೆ ಕಾಣದ ಅಲೆಗಳನ್ನು ಚೆಂಡಿನ ಬೆನ್ನಿಗೆ ಕಳುಹಿಸಿ, ಮರಳಿ ಬಂದ ಅಲೆಯಲ್ಲಿನ ವ್ಯತ್ಯಾಸದಿಂದ ವೇಗವನ್ನು ಕಂಡುಹಿಡಿಯುತ್ತದೆ.

ಎರಡನೆಯದು ಕ್ಯಾಮೆರಾ ಬಗೆ. ದಾಂಡು ತಾಗಿದ ಕ್ಷಣದಲ್ಲಿ ಚೆಂಡಿನ ಚಿತ್ರಗಳನ್ನು ಅತಿ ವೇಗವಾಗಿ ತೆಗೆದು, ಅದು ಎಷ್ಟು ಸರಿಯಿತು, ಎಷ್ಟು ತಿರುಗಿತು ಎಂದು ಅಳೆಯುತ್ತದೆ. ಇಕ್ಕಟ್ಟಿನ ಜಾಗದಲ್ಲಿ ಚೆಂಡಿನ ತಿರುಗುವಿಕೆಯನ್ನು ಅಳೆಯಲು ಈ ಬಗೆಯೇ ಮೇಲು. ಅಗ್ಗದ ರಾಡಾರ್ ಯಂತ್ರಗಳು ಬಲೆಯ ಮುಂದೆ ತಿರುಗುವಿಕೆಯನ್ನು ಬಹುಮಟ್ಟಿಗೆ ಊಹಿಸುತ್ತವೆಯೇ ಹೊರತು ಅಳೆಯುವುದಿಲ್ಲ ಎಂಬುದನ್ನು ಕೊಳ್ಳುವವರು ನೆನಪಿನಲ್ಲಿಡಬೇಕು.

ಬೆಲೆಯ ಮೆಟ್ಟಿಲುಗಳು

ಡೆನ್ಮಾರ್ಕ್ ದೇಶದ ಟ್ರ್ಯಾಕ್‌ಮ್ಯಾನ್ ಯಂತ್ರವನ್ನು ವೃತ್ತಿಪರ ಆಟಗಾರರು ಬಳಸುತ್ತಾರೆ. ಅದರ ಬೆಲೆ 20,000 ಡಾಲರಿಗೂ ಮೇಲಿರುವುದರಿಂದ ಅದರ ಮಾತು ನಮಗೆ ಬೇಡ. 2014ರಲ್ಲಿ ಬಂದ ಸ್ಕೈಟ್ರ್ಯಾಕ್ ಎಂಬ ಕ್ಯಾಮೆರಾ ಯಂತ್ರ ಸುಮಾರು 2,000 ಡಾಲರಿಗೆ ಸಿಕ್ಕಿ, ಮನೆಯಲ್ಲಿ ಅಭ್ಯಾಸ ಮಾಡುವವರಿಗೆ ಹೊಸ ದಾರಿ ತೆರೆಯಿತು. 2021ರಲ್ಲಿ ಗಾರ್ಮಿನ್ ಕಂಪನಿಯ ಆರ್-10 ರಾಡಾರ್ ಯಂತ್ರ ಅಮೆರಿಕದಲ್ಲಿ 600 ಡಾಲರಿಗೆ ಬಂದಿತು. ರಾಡಾರ್ ಮತ್ತು ಕ್ಯಾಮೆರಾ ಎರಡನ್ನೂ ಕೂಡಿಸಿದ ರ‍್ಯಾಪ್ಸೋಡೊ ಕಂಪನಿಯ ಯಂತ್ರ 700 ಡಾಲರಿನ ಆಸುಪಾಸಿನಲ್ಲಿ ಬಂದರೂ, ಅದರ ಕೆಲವು ಸೌಲಭ್ಯಗಳಿಗೆ ಪ್ರತಿವರ್ಷ ಬೇರೆ ಚಂದಾ ಕಟ್ಟಬೇಕು. ಜಪಾನಿನ ಪಿಆರ್‌ಜಿಆರ್ ಎಂಬ ಹೆಸರಿನ ಅಂಗೈಯಗಲದ ರಾಡಾರ್ ಇವೆಲ್ಲಕ್ಕಿಂತ ಅಗ್ಗ, 250 ಡಾಲರಿನೊಳಗೆ. ಅದು ಮುಖ್ಯವಾಗಿ ದಾಂಡಿನ ವೇಗ, ಚೆಂಡಿನ ವೇಗ, ಲೆಕ್ಕ ಹಾಕಿದ ದೂರ ಇವನ್ನು ತೋರಿಸುತ್ತದೆ. ಚೆಂಡು ಎಡಕ್ಕೆ ಹೋಯಿತೋ ಬಲಕ್ಕೆ ಹೋಯಿತೋ ಅದಕ್ಕೆ ತಿಳಿಯದು.

ಇವು ಅಲ್ಲಿನ ಬೆಲೆಗಳು. ಇಲ್ಲಿಗೆ ತರಿಸುವಾಗ ಸಾಗಣೆ, ಸುಂಕ ಸೇರುತ್ತವೆ. ವಿದೇಶದಲ್ಲಿರುವ ಬಂಧುಗಳ ಕೈಯಲ್ಲಿ ತರಿಸಿದರೆ ಕೆಟ್ಟಾಗ ಇಲ್ಲಿ ದುರಸ್ತಿ ಮಾಡಿಕೊಡುವರೇ ಎಂಬುದನ್ನು ಮೊದಲೇ ಕೇಳಿ ತಿಳಿಯಬೇಕು. ವಾರ್ಷಿಕ ಚಂದಾ ಕಟ್ಟದಿದ್ದರೆ ಯಂತ್ರ ಯಾವ ಯಾವ ಅಂಕಿಗಳನ್ನು ತೋರಿಸುತ್ತದೆ ಎಂಬುದು ಕೇಳಬೇಕಾದ ಎರಡನೆಯ ಪ್ರಶ್ನೆ.

ಜಾಗ ಮತ್ತು ಸುರಕ್ಷತೆ

ಯಂತ್ರಕ್ಕಿಂತ ಮೊದಲು ಅಳೆಯಬೇಕಾದುದು ಅಂಗಳವನ್ನು. ರಾಡಾರ್ ಯಂತ್ರವನ್ನು ಚೆಂಡಿನ ಹಿಂದೆ ಆರರಿಂದ ಎಂಟು ಅಡಿ ದೂರದಲ್ಲಿಡಬೇಕು. ಚೆಂಡಿನಿಂದ ಬಲೆಗೆ ಕನಿಷ್ಠ ಎಂಟು ಅಡಿ ಬೇಕು. ಹದಿನೆಂಟು ಇಪ್ಪತ್ತು ಅಡಿ ನೇರ ಜಾಗವಿಲ್ಲದವರು ರಾಡಾರ್ ಕೊಂಡು ಪ್ರಯೋಜನವಿಲ್ಲ. ಕ್ಯಾಮೆರಾ ಯಂತ್ರಗಳಲ್ಲಿ ಅನೇಕವು ಚೆಂಡಿನ ಪಕ್ಕದಲ್ಲಿಯೇ ಕೂರುವುದರಿಂದ ಅವಕ್ಕೆ ಉದ್ದ ಕಡಿಮೆ ಸಾಕು. ಕೋಣೆಯೊಳಗಾದರೆ ಉದ್ದದ ದಾಂಡು ಬೀಸಲು ಒಂಬತ್ತು ಹತ್ತು ಅಡಿ ಎತ್ತರವೂ ಬೇಕು. ಅಟ್ಟವಿರುವ ನಮ್ಮ ಹಳೆಯ ಹೆಂಚಿನ ಮನೆಗಳಲ್ಲಿ ಇದು ಕಷ್ಟವೇ ಸರಿ.

ಗಾಲ್ಫ್ ಚೆಂಡು ನೋಡಲು ಚಿಕ್ಕದು. ನಿಯಮದಂತೆ ಅದರ ತೂಕ 45.93 ಗ್ರಾಂ ಮೀರುವಂತಿಲ್ಲ, ವ್ಯಾಸ 42.67 ಮಿಲಿಮೀಟರಿಗಿಂತ ಕಡಿಮೆಯಾಗುವಂತಿಲ್ಲ. ಆದರೆ ಗಂಟೆಗೆ 180 ಕಿಲೋಮೀಟರ್ ವೇಗದಲ್ಲಿ ಹೊರಟರೆ ಅದು ಒಂದು ಸೆಕೆಂಡಿಗೆ 50 ಮೀಟರ್ ಹೋಗುತ್ತದೆ. ಗೋಡೆಗೆ ತಾಗಿ ಮರಳಿದರೆ ಕಣ್ಣೇ ಹೋದೀತು. ತೋಟದ ನೆರಳು ಬಲೆ ಇದನ್ನು ತಡೆಯಲಾರದು. ಗಟ್ಟಿ ನೈಲಾನ್ ಬಲೆಯನ್ನೇ ಕಟ್ಟಿ, ಅದರ ಹಿಂದೆ ಹಳೆಯ ಕಂಬಳಿಯೊಂದನ್ನು ಸಡಿಲವಾಗಿ ಇಳಿಬಿಡಬೇಕು. ಬಿಗಿಯಾಗಿ ಎಳೆದು ಕಟ್ಟಿದ ಬಟ್ಟೆ ಚೆಂಡನ್ನು ಹಿಂದಕ್ಕೆ ಎಸೆಯುತ್ತದೆ. ಸಡಿಲವಾದುದು ಅದರ ರಭಸವನ್ನು ನುಂಗುತ್ತದೆ. ಅಭ್ಯಾಸದ ವೇಳೆ ಚಿಕ್ಕ ಮಕ್ಕಳೂ ದನಕರುಗಳೂ ಅತ್ತ ಸುಳಿಯದಂತೆ ನೋಡಿಕೊಳ್ಳಬೇಕು.

ಅಂಕಿ ಕಲಿಸಿದ ಪಾಠ

ಕೊಳ್ಳುವ ಮುನ್ನ ಪರೀಕ್ಷಿಸೋಣವೆಂದು ಬೆಂಗಳೂರಿನ ಪರಿಚಯದವರೊಬ್ಬರಿಂದ ಒಂದು ರಾಡಾರ್ ಯಂತ್ರವನ್ನು ರಜೆಯ ಮಟ್ಟಿಗೆ ಎರವಲು ತಂದೆವು. ಮೊದಲ ದಿನವೇ ಅದು ತೋರಿಸಿದ ಅಂಕಿಗಳು ವಿಚಿತ್ರವಾಗಿದ್ದವು. ಯಂತ್ರವನ್ನು ದೂರಿದೆವು. ಆದರೆ ತಪ್ಪು ನಮ್ಮದೇ ಆಗಿತ್ತು. ಮಣ್ಣಾಗದಿರಲೆಂದು ಅದನ್ನು ಜಗಲಿಯ ಮೇಲಿಟ್ಟಿದ್ದೆವು. ಚೆಂಡು ಒಂದೂವರೆ ಅಡಿ ಕೆಳಗೆ ಅಂಗಳದಲ್ಲಿತ್ತು. ಎರಡೂ ಒಂದೇ ಮಟ್ಟದಲ್ಲಿದ್ದರೆ ಮಾತ್ರ ಚೆಂಡು ಎದ್ದ ಕೋನ ಸರಿಯಾಗಿ ಸಿಗುತ್ತದೆ. ಜಗಲಿಯಲ್ಲಿ ತಿರುಗುತ್ತಿದ್ದ ಫ್ಯಾನು ಕೂಡ ರಾಡಾರನ್ನು ಗೊಂದಲಗೊಳಿಸುವಂಥದು. ಅದನ್ನು ನಿಲ್ಲಿಸಿ, ಯಂತ್ರವನ್ನು ಕೆಳಗಿಳಿಸಿ, ಗುರಿಯ ನೇರಕ್ಕೆ ಇಟ್ಟ ಮೇಲೆ ಅಂಕಿಗಳು ನಂಬುವಂತಾದವು.

ಆದರೆ ನಿಜವಾದ ತೊಂದರೆ ಆಮೇಲೆ ಬಂದಿತು. ಹುಡುಗಿಯ ಕಣ್ಣು ಚೆಂಡಿನ ವೇಗದ ಅಂಕಿಯೊಂದರ ಮೇಲೆಯೇ ನೆಟ್ಟಿತು. ನಿನ್ನೆಗಿಂತ ಇಂದು ಹೆಚ್ಚು, ಇಂದಿಗಿಂತ ನಾಳೆ ಹೆಚ್ಚು ಎಂಬ ಹಟ. ದಿನಕ್ಕೆ ಇನ್ನೂರು ಹೊಡೆತ. ಎಂಟನೆಯ ದಿನ ಬೆಳಗ್ಗೆ ಮಣಿಕಟ್ಟು ಊದಿಕೊಂಡಿತ್ತು. ವೈದ್ಯರು ಮೂರು ವಾರ ದಾಂಡು ಮುಟ್ಟಬಾರದೆಂದರು. “ದೊಡ್ಡಪ್ಪಾ, ನನ್ನಿಂದ ಆಗೋದಿಲ್ಲ ಬಿಡಿ” ಎಂದು ಅವಳು ಅತ್ತಾಗ, ಯಂತ್ರ ತಂದುದಕ್ಕೆ ನಾನೇ ಪಶ್ಚಾತ್ತಾಪಪಟ್ಟೆನು.

ಕೈ ಗುಣವಾದ ಮೇಲೆ ಅವಳನ್ನು ಚಿಕ್ಕಮಗಳೂರಿಗೆ ಕರೆದೊಯ್ದು ಅನುಭವಿ ತರಬೇತುದಾರರೊಬ್ಬರಿಗೆ ತೋರಿಸಿದೆವು. ಅವರು ಒಂದೇ ದಾಂಡಿನಿಂದ ಹತ್ತು ಚೆಂಡು ಹೊಡೆಯಲು ಹೇಳಿ, ಬಿದ್ದ ಜಾಗಗಳನ್ನು ಹೆಜ್ಜೆಯಿಂದ ಅಳೆದರು. ಅತಿ ಹತ್ತಿರದ್ದು 70 ಮೀಟರ್, ಅತಿ ದೂರದ್ದು 110. ಅವರು ಹೇಳಿದ್ದು ಇಷ್ಟೇ: “ಅತಿ ದೂರ ಹೋದ ಚೆಂಡನ್ನು ಮರೆತುಬಿಡಮ್ಮ. ಈ 40 ಮೀಟರ್ ಅಂತರವನ್ನು ಕಡಿಮೆ ಮಾಡು.” ಅಂಗಳದಲ್ಲಿ ಒಳ್ಳೆಯ ಅಂಕಿ ತೋರಿಸಿದಂಥ ಹೊಡೆತಗಳಲ್ಲಿ ನಾಲ್ಕು ಇಲ್ಲಿ ಪೊದೆಯೊಳಗೆ ಹೋಗಿದ್ದವು.

ಆಗ ನನಗೆ ಟೋಕಿಯೊ ನೆನಪಾಯಿತು. ಅಲ್ಲಿ ಅದಿತಿ ಅತಿ ದೂರ ಹೊಡೆದವಳಲ್ಲ. ಚಿನ್ನ ಗೆದ್ದ ನೆಲ್ಲಿ ಕೋರ್ಡಾಳ ಚೆಂಡಿಗಿಂತ ಈಕೆಯ ಚೆಂಡು ಎಷ್ಟೋ ಹಿಂದೆ ಬೀಳುತ್ತಿತ್ತು. ಆಕೆಯನ್ನು ಪದಕದ ಹತ್ತಿರಕ್ಕೆ ಒಯ್ದದ್ದು ಗುಳಿಯ ಸಮೀಪದ ಮೆಲ್ಲನೆಯ ಹೊಡೆತ, ಎಂದರೆ ಪಟ್ಟಿಂಗ್. 2023ರಲ್ಲಿ ಹಾಂಗ್‌ಝೌ ಏಷ್ಯಾ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದವಳೂ ಆಕೆಯೇ. ಅಗ್ಗದ ಯಂತ್ರಗಳು ವೇಗದ ಲೆಕ್ಕವನ್ನು ಹೇಳುತ್ತವೆ. ಆ ಮೆಲ್ಲನೆಯ ಹೊಡೆತದ ಹದವನ್ನು ಕಲಿಸುವುದಿಲ್ಲ. ಅದಕ್ಕೆ ಒಂದು ಹಳೆಯ ಜಮಖಾನ, ಒಂದು ಲೋಟ ಸಾಕು.

ಖರ್ಚಿಲ್ಲದ ಉಪಾಯಗಳು

ಮೊದಲ ಮೂರು ನಾಲ್ಕು ತಿಂಗಳು ಯಾವ ಯಂತ್ರವೂ ಬೇಡವೆಂಬುದು ನನ್ನ ಅನುಭವ. ದಾಂಡಿನ ಮುಖಕ್ಕೆ ಸೀಮೆಸುಣ್ಣದ ಪುಡಿ ಸವರಿ ಹೊಡೆದರೆ ಚೆಂಡು ಎಲ್ಲಿ ತಾಗಿತೆಂಬ ಗುರುತು ಉಳಿಯುತ್ತದೆ. ಹತ್ತು ಗುರುತುಗಳು ಒಂದೇ ಕಡೆ ಬೀಳುವಂತಾದರೆ ಅರ್ಧ ವಿದ್ಯೆ ಬಂದಂತೆ. ಮೊಬೈಲಿನಲ್ಲಿ ನಿಧಾನಗತಿಯ ಚಿತ್ರ ತೆಗೆದರೆ ಭುಜ, ಸೊಂಟಗಳ ತಪ್ಪು ಕಾಣುತ್ತದೆ.

ಯಂತ್ರ ಕೊಂಡವರು ಒಂದು ಅಂಕಿಯನ್ನು ಗಮನಿಸುವುದು ಒಳ್ಳೆಯದು. ಚೆಂಡಿನ ವೇಗವನ್ನು ದಾಂಡಿನ ವೇಗದಿಂದ ಭಾಗಿಸಬೇಕು. ದಾಂಡು ಗಂಟೆಗೆ 130 ಕಿಲೋಮೀಟರ್, ಚೆಂಡು 182 ಆದರೆ ಭಾಗಲಬ್ಧ 1.4. ಉದ್ದದ ದಾಂಡಿನಲ್ಲಿ ಇದು ಹೆಚ್ಚೆಂದರೆ 1.5ರ ಸಮೀಪಕ್ಕೆ ಬರುತ್ತದೆ. ಬಲ ಹೆಚ್ಚಿಸದೆಯೇ ಈ ಸಂಖ್ಯೆ ಏರಿದರೆ ಚೆಂಡು ದಾಂಡಿನ ನಡುವೆ ತಾಗುತ್ತಿದೆಯೆಂದು ಅರ್ಥ. ಇನ್ನು ಯಂತ್ರ ನಂಬತಕ್ಕದ್ದೋ ಎಂದು ತಿಳಿಯಲು, ಒಮ್ಮೆಯಾದರೂ ಬಯಲಿಗೊಯ್ದು ಹತ್ತು ಚೆಂಡು ಹೊಡೆದು, ಚೆಂಡು ಬಿದ್ದ ಸ್ಥಳವನ್ನು ಟೇಪಿನಿಂದ ಅಳೆದು, ಅದು ತೋರಿಸಿದ ದೂರದೊಡನೆ ಹೋಲಿಸಬೇಕು.

ಕೊನೆಗೆ ನನ್ನ ತಮ್ಮ 50,000 ರೂಪಾಯಿಯ ಯಂತ್ರವನ್ನು ಕೊಳ್ಳಲಿಲ್ಲ. ಅದರ ಅರ್ಧಕ್ಕೂ ಕಡಿಮೆ ಬೆಲೆಯ ಚಿಕ್ಕ ರಾಡಾರೊಂದನ್ನು ತರಿಸಿ, ಉಳಿದ ಹಣವನ್ನು ಹದಿನೈದು ದಿನಕ್ಕೊಮ್ಮೆ ಚಿಕ್ಕಮಗಳೂರಿಗೆ ಹೋಗಿಬರುವ ಖರ್ಚಿಗೂ ತರಬೇತಿಗೂ ತೆಗೆದಿಟ್ಟನು. ಮಗಳು ಸಂಜೆ ಮೂವತ್ತೇ ಹೊಡೆತ ಹೊಡೆಯುತ್ತಾಳೆ. ಕೊನೆಯ ಹತ್ತರ ಅಂಕಿಗಳನ್ನು ನೋಟುಬುಕ್ಕಿನಲ್ಲಿ ಬರೆದು, ದೊಡ್ಡದಕ್ಕೂ ಚಿಕ್ಕದಕ್ಕೂ ಇರುವ ಅಂತರವನ್ನು ಕೆಳಗೆ ಗುರುತಿಸುತ್ತಾಳೆ. 40 ಮೀಟರ್ ಇದ್ದ ಅಂತರ ಈಗ 25ಕ್ಕೆ ಇಳಿದಿದೆ. ಹಸುವಿನ ಮಾತೆತ್ತಿದ್ದ ನಮ್ಮ ತಾಯಿಯವರೇ ಜಗಲಿಯಲ್ಲಿ ಕುಳಿತು ಹೊಡೆತಗಳನ್ನು ಎಣಿಸುತ್ತಾರೆ. ಮೂವತ್ತೊಂದನೆಯದಕ್ಕೆ ಕೈಯೆತ್ತಿದರೆ “ಸಾಕು ಬಾರೇ ಒಳಗೆ” ಎಂದು ಕರೆಯುತ್ತಾರೆ.

ಅವಳು ಮುಂದೆ ಎಷ್ಟು ದೊಡ್ಡ ಆಟಗಾರ್ತಿಯಾಗುವಳೋ ಹೇಳಲಾಗದು. ಆದರೆ ಮಕ್ಕಳ ಹಂಬಲಕ್ಕೆ ಹಣ ಸುರಿಯುವ ಮುನ್ನ ತಂದೆತಾಯಂದಿರು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಈ ವಸ್ತು ಮಗುವಿಗೆ ತನ್ನ ತಪ್ಪನ್ನು ತಾನೇ ಕಾಣಲು ನೆರವಾಗುವುದೇ ಅಥವಾ ಬರೀ ಅಂಕಿಯ ಹಿಂದೆ ಓಡಿಸುವುದೇ? ಮೊದಲನೆಯದಾದರೆ ಕೊಳ್ಳಿರಿ, ನಿಮ್ಮ ಶಕ್ತಿಗೆ ಎಟುಕುವುದನ್ನೇ ಕೊಳ್ಳಿರಿ. ಎರಡನೆಯದಾದರೆ ಸೀಮೆಸುಣ್ಣದ ಪುಡಿಯೇ ಮೇಲು.